ಖಂಡೇಪೂಜೆಯಂದು ತಪ್ಪಿದ ಸಾಲು

ಮುಗದ ಊರಿನ ಫಕೀರೇಶನನ್ನು ಯಾರಾದರೂ ಒಳ್ಳೆಯವನೆಂದು ಹೊಗಳಿದರೆ ಅವನ ತಲೆ ತಗ್ಗುತ್ತದೆ. ಅದಕ್ಕೊಂದು ಕಾರಣವಿದೆ.

ಎರಡು ಸಾವಿರದ ಮೂರರ ಸುಮಾರಿಗೆ ಅವನು ಹುಬ್ಬಳ್ಳಿಯಲ್ಲಿ ಗುರುಪಾದ ಸಾವುಕಾರರ ಬಸ್ ಬುಕಿಂಗ್ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಯಾವ ಬಸ್ಸಿನ ಯಾವ ಸೀಟು ಯಾರದೆಂಬುದೆಲ್ಲ ಮುಂದಿನ ಕೋಣೆಯ ದೊಡ್ಡ ಮಿಷನ್ನಿನಲ್ಲಿ ಇರುತ್ತಿತ್ತು. ಅದು ಕೆಟ್ಟರೆ ಗತಿಯೇನೆಂದು ಹಿಂದಿನ ಕೋಣೆಯಲ್ಲಿ ಇನ್ನೊಂದನ್ನು ಇಟ್ಟಿದ್ದ. ಇದ್ಯಾಕೆ ಎರಡನೆಯದು ಎಂದು ಸಾವುಕಾರರು ಕೇಳಿದಾಗ, ತನ್ನವ್ವ ಬೀಸುವಾಗ ಹಾಡುತ್ತಿದ್ದುದನ್ನು ನೆನೆದು ಹೇಳಿದ್ದ: "ಮುಂದಿನಾಕಿ ಒಂದ್ ಸಾಲು ಹಾಡ್ತಾಳ, ಹಿಂದಿನಾಕಿ ಹಂಗ ಹಿಡೀತಾಳರಿ. ಮುಂದಿನಾಕಿ ದನಿ ಕಟ್ಟಿತಂದ್ರ ಹಿಂದಿನಾಕಿ ಹಾಡು ನಡಸ್ತಾಳ. ಬೀಸೂಕಲ್ಲು ನಿಂದ್ರೂದಿಲ್ಲ."

"ಹಿಂದಿನಾಕಿ ತೂಕಡಿಸಿದ್ರ?" ಸಾವುಕಾರರು ನಕ್ಕಿದ್ದರು.

"ನಾ ಇದ್ದೇನಲ್ಲರಿ."

ಆ ವರ್ಷದ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ದುಡಿಯುವ ವಸ್ತುವಿಗೆ ಅಂದು ವಿಶ್ರಾಂತಿ ಕೊಡಬೇಕು. ಮುಂದಿನ ಮಿಷನ್ನನ್ನು ನಿಲ್ಲಿಸುವಂತಿರಲಿಲ್ಲ, ಹಬ್ಬದ ಬುಕಿಂಗ್ ಜೋರಿತ್ತು. ಅದಕ್ಕೆ ಕುಂಕುಮವನ್ನಷ್ಟೇ ಹಚ್ಚಿದರು. ಹಿಂದಿನದಾದರೂ ಶಾಸ್ತ್ರಕ್ಕೆ ಮಲಗಲಿ ಎಂದು ಫಕೀರೇಶ ಅದರ ವೈರು ಬಿಚ್ಚಿ, ಮಣೆಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ. ಮರುದಿನ ಎಲ್ಲರಿಗೂ ಬನ್ನಿ ಕೊಟ್ಟ ಮೇಲೆ ಕೈಮುಗಿದು ವೈರು ಸಿಕ್ಕಿಸಿದ. ಹಸಿರು ದೀಪ ಹತ್ತಿತು. ಮುಗಿಯಿತು ಅಂದುಕೊಂಡ.

ಮುಗಿದಿರಲಿಲ್ಲ. ಪೂಜೆಯ ದಿನ ಮುಂದಿನಾಕೆ ಹಾಡಿದ ಸಾಲುಗಳು, ಅಂದರೆ ಅಂದಿನ ಬುಕಿಂಗುಗಳು, ಹಿಂದಿನಾಕೆಯ ಕಿವಿಗೆ ಬಿದ್ದೇ ಇರಲಿಲ್ಲ. ತಪ್ಪಿದ ಸಾಲನ್ನು ಕೊಡದ ಹೊರತು ಮುಂದಿನದನ್ನು ಹಿಡಿಯದ ಹಟಮಾರಿ ಅದು. ದೀಪ ಹಚ್ಚಿಕೊಂಡು, ಬಾಯಿ ಮುಚ್ಚಿಕೊಂಡು ಕೂತುಬಿಟ್ಟಿತ್ತು. ಫಕೀರೇಶ ದಿನಾ ಬಾಗಿಲಲ್ಲಿ ನಿಂತು ದೀಪ ನೋಡಿ ಹೋಗುತ್ತಿದ್ದ. ಹಾಡು ಕೇಳುತ್ತಿದೆಯೇ ಎಂದು ಒಳಗೆ ಹೋಗಿ ನೋಡಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಮುಂದಿನ ಮಿಷನ್ ಸುಟ್ಟುಹೋಯಿತು. "ಗಾಬರಿ ಆಗಬ್ಯಾಡ್ರಿ" ಎಂದ ಫಕೀರೇಶ, ಚಹಾ ಆರುವುದರೊಳಗೆ ಹಿಂದಿನದನ್ನು ಕೆಲಸಕ್ಕೆ ಹಚ್ಚಿದ. ಎಲ್ಲರೂ ಬೆನ್ನು ತಟ್ಟಿದರು. ಕಿಟಕಿಯಲ್ಲಿ ಟಿಕೆಟ್ ಕೊಡುವ ವಿದ್ಯಾ ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದಳು.

"ಅಣ್ಣಾರ, ಹಬ್ಬದ ಪುಣೆ ಬಸ್ಸು ತುಂಬಿತ್ತಲ್ಲರಿ? ಈಗ ಖಾಲಿ ತೋರ್ಸಾಕತ್ತೈತಿ."

"ಯಾರರ ಕ್ಯಾನ್ಸಲ್ ಮಾಡಿರಬೇಕು."

"ಇಷ್ಟೂ ಮಂದಿ?"

"ಮಿಷನ್ನಿನ್ಯಾಗ ಇದ್ದದ್ದ ಖರೇ, ವಿದ್ಯಾ. ನಿನ್ನ ನೆನಪು ಅದಕ್ಕಿಂತ ದೊಡ್ಡದೇನು? ಮಾರು."

ಅವಳು ಮಾರಿದಳು.

ಹಬ್ಬದ ಮುನ್ನಾದಿನ ಸಂಜೆ ಪುಣೆಯ ಬಸ್ಸಿನ ಒಂದೊಂದು ಸೀಟಿಗೆ ಇಬ್ಬಿಬ್ಬರು ಬಂದು ನಿಂತರು. ಗೋಪನಕೊಪ್ಪದ ಚನ್ನಬಸವ್ವ ಎಂಬ ಮುದುಕಿ, ಮೊಮ್ಮಗನ ಮೊದಲ ದೀಪಾವಳಿಗೆಂದು ಕರ್ಚಿಕಾಯಿ ಡಬ್ಬಿ ಹೊತ್ತು ಬಂದವಳು, ಕಿಟಕಿಗೆ ಟಿಕೆಟ್ ಬಡಿದಳು. "ಒಂದ ಹೆಣ್ಣು ಎರಡ ಮನಿಗೆ ನಿಶ್ಚೇ ಮಾಡಿದಂಗಾತಲ್ಲವಾ ಇದು! ಕಣ್ಣು ಎಲ್ಲಿ ಇಟ್ಟಿದ್ದಿ?"

ಸಾವುಕಾರರು ಎಲ್ಲರೆದುರೇ ಗುಡುಗಿದರು. "ತುಂಬಿದ ಬಸ್ಸಿನ ಸೀಟು ಮಾರಂತ ನಿನಗ ಯಾರು ಹೇಳಿದ್ರು ತಂಗಿ? ನಾಳಿಂದ ಈ ಕುರ್ಚಿ ಮ್ಯಾಲ ಕುಂದ್ರಬ್ಯಾಡ."

ವಿದ್ಯಾ ಒಮ್ಮೆ ಫಕೀರೇಶನ ಕಡೆ ನೋಡಿದಳು. ಅವನು ನೋಟ ತಪ್ಪಿಸಿದ. ಆಗಷ್ಟೇ ಹಿಂದಿನ ಕೋಣೆಗೆ ಹೋಗಿ ನೋಡಿಬಂದಿದ್ದ. ಖಂಡೇಪೂಜೆಯಿಂದ ಹಿಡಿದು ದೊಡ್ಡ ಮಿಷನ್ ಸುಡುವ ತನಕ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಗೊತ್ತಿದ್ದೂ ನಾಲಿಗೆ ಏಳಲಿಲ್ಲ.

ಅಲ್ಲಿಂದ ಜಾರಿಕೊಳ್ಳಲು ಒಂದು ಕೆಲಸ ಬೇಕಿತ್ತು. ಚನ್ನಬಸವ್ವನ ಗಂಟು ಎತ್ತಿಕೊಂಡ. ಡ್ರೈವರನ ಕೈಕಾಲು ಹಿಡಿದು ಇಂಜಿನ್ನಿನ ಪಕ್ಕ ಅವಳಿಗೆ ಜಾಗ ಮಾಡಿಸಿದ. ಕೆಳಗಿಂದ ಕಾವು ಏಳುತ್ತಿತ್ತು. ಮುದುಕಿ ಶಾಲು ಮಡಚಿ ಹಾಸಿಕೊಂಡು ಕೂತು, ಅವನ ಗಲ್ಲ ಸವರಿದಳು.

"ನಿನ್ನ ಹೊಟ್ಟಿ ತಣ್ಣಗಿರಲಪಾ. ನಿನ್ನಂಥಾ ಛಲೋ ಹುಡುಗ ಆ ಕಿಡಕ್ಯಾಗ ಕುಂತಿದ್ರ ಹಿಂಗ ಆಗತಿರಲಿಲ್ಲ. ಆ ಹುಡಿಗಿ ನೋಡು, ಒಂದೀಟು ನಾಚಿಕಿಲ್ಲ ಅದಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಇದನ್ನು ತಡೆಯಲಾಗಲಿಲ್ಲ. ಬಸ್ಸಿನಿಂದ ಇಳಿದು ಸೀದಾ ಸಾವುಕಾರರ ಮುಂದೆ ನಿಂತ.

"ಸಾವ್ಕಾರ್ರ, ಆಕಿ ಕೇಳಿದ್ಲು. ಮಾರಂದಾಂವ ನಾ. ಹಿಂದಿನಾಕಿ ತೂಕಡಿಸಿದ್ದು ನಾ ನೋಡಲಿಲ್ಲ."

ಸಾವುಕಾರರು ಅವನ ಮುಖವನ್ನೇ ನೋಡಿದರು. "ವಿದ್ಯಾ, ನಿನ್ನ ಕುರ್ಚಿ ನಿನಗ ಇರಲಿ" ಎಂದಷ್ಟೇ ಹೇಳಿ ಇನ್ನೊಂದು ಗಾಡಿ ಹುಡುಕಲು ಹೋದರು.

ವಿದ್ಯಾ ಅಷ್ಟರಲ್ಲಿ ಚೀಲ ಹೆಗಲಿಗೇರಿಸಿಕೊಂಡಿದ್ದಳು. "ಇಷ್ಟೊತ್ತು ಬಾಯಾಗ ಏನು ಇಟಗೊಂಡಿದ್ರಿ ಅಣ್ಣಾರ?"

ಕೇಳಿದವಳೇ ಚೀಲವನ್ನು ಮತ್ತೆ ಕುರ್ಚಿಗೆ ನೇತುಹಾಕಿ ಕಿಟಕಿಯತ್ತ ತಿರುಗಿದಳು.

ಮುಂದಿನ ಕೋಣೆಗೆ ಹೊಸ ಮಿಷನ್ ಬಂತು. ಆಮೇಲೆ ಖಂಡೇಪೂಜೆಗೆ ಫಕೀರೇಶ ಹೂವನ್ನಷ್ಟೇ ಏರಿಸುತ್ತಿದ್ದ, ವೈರು ಮುಟ್ಟುತ್ತಿರಲಿಲ್ಲ. ದಿನಾ ಹಿಂದಿನ ಕೋಣೆಯಲ್ಲಿ ಕೂತು, ಅಲ್ಲಿಯ ಮಿಷನ್ನಿಗೆ ಬಂದ ಕೊನೆಯ ಟಿಕೆಟ್ಟಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. ಹೌದೋ ಅಲ್ಲವೋ ಎಂದು ವಿದ್ಯಾ ಮುಂದಿನ ಕೋಣೆಯಿಂದ ಹೇಳಬೇಕು.

ಮರುವರ್ಷದ ದೀಪಾವಳಿಗೆ ಚನ್ನಬಸವ್ವ ಮತ್ತೆ ಬಂದಳು. "ಈ ಸಲಾರ ಒಂದ ಮನಿಗೆ ಕೊಡವಾ!"

ವಿದ್ಯಾ ನಕ್ಕು ಟಿಕೆಟ್ ಕೊಟ್ಟು, ಒಳಗೆ ಕೂಗಿದಳು. "ಅಣ್ಣಾರ, ಕಡೀ ಹೆಸರು ಯಾವದ್ರಿ?"

ಹಿಂದಿನ ಕೋಣೆಯಿಂದ ದನಿ ಬಂತು. "ಚನ್ನಬಸವ್ವ. ಗೋಪನಕೊಪ್ಪ."

"ಅಯ್ಯ, ಆ ಛಲೋ ಹುಡುಗ ಇನ್ನೂ ಇಲ್ಲೇ ಅದಾನೇನು?" ಮುದುಕಿ ಕಿಟಕಿಯೊಳಗೆ ಇಣುಕಿದಳು. "ಹೊರಗ ಬಾರೋ ತಮ್ಮಾ, ಮಾರಿ ನೋಡ್ತೇನಿ."

ಫಕೀರೇಶ ಹೊರಗೆ ಬರಲಿಲ್ಲ.