ಕಮಲಾಪುರದಲ್ಲಿ ಅಕ್ಕ ಒಂಟಿಕಾಲಲ್ಲಿ ನಿಂತಳು

ವಿಜಯಪುರದಿಂದ ಕಲಬುರಗಿಗೆ ಹೋಗುವ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತು. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ, ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟ್ ಪಡೆದು, ಕಿಟಕಿ ಪಕ್ಕದ ಸೀಟು ಹಿಡಿದೆ. ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಹೆಚ್ಚು ಕಡಿಮೆ ನಾಲ್ಕು ತಾಸು. ತೊಡೆಯ ಮೇಲಿನ ಚೀಲದಲ್ಲಿ ತೀರ್ಪುಗಾರರ ಕಡುನೀಲಿ ಕೋಟು ಇತ್ತು. ಫೆಬ್ರುವರಿ ಮುಗಿಯುವ ಹೊತ್ತಿಗೆ ಕಲಬುರಗಿ ಕಡೆ ಬಿಸಿಲು ಹೇಗಿರುತ್ತದೆಂದು ಬಲ್ಲ ಯಾರೂ ಈ ಕೋಟನ್ನು ಕಡ್ಡಾಯ ಮಾಡಿರಲಾರರು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಟೇಕ್ವಾಂಡೊ ಕಲಿತು ಬಹಳ ವರ್ಷಗಳಾದವು. ಈಗ ಪೂಮ್ಸೆ ಸ್ಪರ್ಧೆಗಳಲ್ಲಿ ಅಂಕ ಹಾಕುವ ಕೆಲಸಕ್ಕೆ ಕರೆಯುತ್ತಾರೆ. ಪೂಮ್ಸೆಯಲ್ಲಿ ಎದುರಾಳಿ ಇರುವುದಿಲ್ಲ. ತಡೆ, ಗುದ್ದು, ಒದೆತ ಎಲ್ಲವನ್ನೂ ಗೊತ್ತುಮಾಡಿದ ಕ್ರಮದಲ್ಲಿ ಒಬ್ಬರೇ ಮಾಡಿ ತೋರಿಸಬೇಕು. ಪಕ್ಕದಲ್ಲಿ ಕೂತಿದ್ದ ಜೇವರ್ಗಿಯ ಅಜ್ಜಿ ಎಲ್ಲಿಗೆ, ಯಾಕೆ ಎಂದು ವಿಚಾರಿಸಿದಾಗ ಇಷ್ಟನ್ನೂ ಹೇಳಿದೆ.

“ಅಂದ್ರ ಎದುರಿಗೆ ಯಾರೂ ಇರಂಗಿಲ್ಲೇನ್?”

“ಇಲ್ಲರೀ ಅಮ್ಮಾ.”

“ಸುಮ್ಮನ ಗಾಳಿಗಿ ಒದೀತಾರ. ಅದಕ್ಕ ನೀ ನಂಬರ್ ಬ್ಯಾರೆ ಕೊಡ್ತಿ!” ಎಂದು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಾಪ ಅನ್ನಿಸಿತೇನೋ, ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಕೈಗೆ ಹಾಕಿದಳು. ಸಿಂದಗಿಯಲ್ಲಿ ಚಹಾ ಕುಡಿದೆವು. ಜೇವರ್ಗಿಯಲ್ಲಿ ಆಕೆ ಇಳಿದಳು. ಭೀಮಾ ಸೇತುವೆ ದಾಟಿ ಕಲಬುರಗಿ ಮುಟ್ಟಿದಾಗ ಹನ್ನೊಂದು ಮೀರಿತ್ತು, ತಲೆ ಸುಡುವ ಬಿಸಿಲು.

ಸ್ಪರ್ಧೆ ಮರುದಿನ ಕಮಲಾಪುರದಲ್ಲಿ. ಒಂದು ದಿನ ಮೊದಲೇ ಬಂದದ್ದು ಅಕ್ಕನಿಗಾಗಿ. ನನ್ನ ಅಕ್ಕ ಸುವರ್ಣಾ ಕಲಬುರಗಿಯ ಶಹಾಬಜಾರದಲ್ಲಿರುತ್ತಾಳೆ. ಟೆಲಿಫೋನ್ ಕಚೇರಿಯ ಕೆಲಸದಿಂದ ಸ್ವಯಂ ನಿವೃತ್ತಿ ತಗೊಂಡು, ಐವತ್ತರ ವಯಸ್ಸಿನಲ್ಲಿ, ಮೊಣಕಾಲು ನೋವು ಹೋಗಲೆಂದು ಟೇಕ್ವಾಂಡೊ ಕ್ಲಾಸಿಗೆ ಸೇರಿದವಳು. ನಾವೆಲ್ಲ ನಕ್ಕಿದ್ದೆವು. ನಾವು ನಕ್ಕು ಮುಗಿಸುವುದರೊಳಗೆ ಆಕೆ ಕಪ್ಪು ಬೆಲ್ಟ್ ಕಟ್ಟಿದ್ದಳು.

ಹೋದ ವರ್ಷ ಜಗತ್ ವೃತ್ತದಲ್ಲಿ ಹಿಂದಿನಿಂದ ಆಟೊ ತಾಗಿ ಅಕ್ಕ ಸ್ಕೂಟಿಯಿಂದ ಬಿದ್ದಳು. ತಲೆಗೆ ಪೆಟ್ಟಾಯಿತು. ಗಾಯ ಬೇಗ ಮಾಯಿತು, ಆದರೆ ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳ ಸಾಲು ನಡುವೆ ತುಂಡಾಗತೊಡಗಿತು. ಒಗ್ಗರಣೆಗೆ ಸಾಸಿವೆ ಹಾಕಿ ಮುಂದೇನೆಂದು ತಿಳಿಯದೆ ನಿಲ್ಲುವಳು. ಮನೆಯ ಓಣಿಯಲ್ಲೇ ಒಮ್ಮೆ ದಾರಿ ತಪ್ಪಿ ಅತ್ತಳಂತೆ. ಅಂದಿನಿಂದ ಮಾಮಾ, ಅಂದರೆ ಆಕೆಯ ಗಂಡ, ಅಕ್ಕನೊಬ್ಬಳನ್ನೇ ಹೊರಗೆ ಬಿಟ್ಟಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ. ಕೇಳದೆ ಇದ್ದದ್ದೇ ನನಗೆ ಹೆಚ್ಚು ಸಂಕಟ ಕೊಡುತ್ತಿತ್ತು, ಏಕೆಂದರೆ ಅಕ್ಕ ಕೇಳದೆ ಬಿಡುವ ಪೈಕಿ ಅಲ್ಲ.

ಡಾಕ್ಟರು ಮಾತ್ರ ಪೂಮ್ಸೆ ಬಿಡಬೇಡಿ ಎಂದಿದ್ದರು. ಎಂಟು ತಿಂಗಳಿಂದ ಕ್ಲಾಸಿನ ಮಾಸ್ತರರು ಮನೆಗೇ ಬಂದು ಒಂದೊಂದೇ ಚಲನೆಯನ್ನು ಮತ್ತೆ ಕೂಡಿಸಿ ಕಲಿಸಿದ್ದರು. ಈಗ ಐವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ಅಕ್ಕನ ಹೆಸರಿತ್ತು.

ಮನೆ ಮುಟ್ಟಿದಾಗ ಬಿಸಿ ರೊಟ್ಟಿ, ಪುಂಡಿಪಲ್ಯ, ಎಣ್ಣೆ ಹಾಕಿದ ಶೇಂಗಾ ಚಟ್ನಿ ಕಾದಿದ್ದವು. ಊಟವಾದ ಮೇಲೆ ಮಾಮಾ ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು.

“ನೀಲವ್ವ, ನೀನರ ಹೇಳು. ನಾಕು ಮಂದಿ ಮುಂದ ಮರ್ತು ನಿಂತಳಂದ್ರ ಮತ್ತ ಏಳಂಗಿಲ್ಲ ಆಕಿ. ಯಾಕ ಬೇಕು ಇದು?”

ಅಡುಗೆಮನೆಯಿಂದ ಅಕ್ಕನೇ ಹೇಳಿದಳು: “ನನ್ನ ಕಿವಿ ಛಲೋ ಅವ. ಇದೊಂದು ಸಲ ಬಿಡ್ರಿ. ನಾಳಿ ಪೂಮ್ಸೆ ನಡುವ ಮುರೀತಂದ್ರ ಬೆಲ್ಟ್ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ತೀನಿ. ನೀವು ಕೂಡು ಅಂದಲ್ಲಿ ಕೂಡ್ತೀನಿ.”

ಸಂಜೆ ಮಾಳಿಗೆಯ ಮೇಲೆ ಆಕೆ ಅಭ್ಯಾಸ ಮಾಡಿದಳು. ಆಕೆಯ ಪೂಮ್ಸೆಯ ಹೆಸರು ಕುಮ್‌ಗಾಂಗ್. ಎಡಕ್ಕೆ ಮಾಡಿದ್ದನ್ನೇ ಬಲಕ್ಕೂ ಮಾಡುತ್ತ, ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ತಿರುಗುವ ಪೂಮ್ಸೆ ಅದು. ಯಾವ ಬದಿ ಮುಗಿಯಿತು, ಯಾವ ಬದಿ ಉಳಿಯಿತು ಎಂಬ ಲೆಕ್ಕ ಹರೆಯದವರಿಗೇ ತಪ್ಪುತ್ತದೆ. ಅಕ್ಕ ಎರಡು ಸಲ ಪೂರ್ತಿ ಮಾಡಿದಳು, ಮೂರನೆಯ ಸಲ ಒಂಟಿಕಾಲಲ್ಲಿ ನಿಂತಲ್ಲೇ ತಡವರಿಸಿ ಕಾಲು ಕೆಳಗಿಟ್ಟಳು. “ಸಾಕು, ಚಹಾ ಮಾಡೋಣ” ಎಂದು ಕೆಳಗಿಳಿದಳು.

ಮರುದಿನ ಭಾನುವಾರ. ಮಾಮಾ ಬರಲೊಲ್ಲೆನೆಂದರು. “ನನ್ನ ಕೈಲೆ ನೋಡ್ಲಾಕ ಆಗಂಗಿಲ್ಲವ್ವ. ಮುಗದ ಮ್ಯಾಲ ಫೋನ್ ಮಾಡ್ರಿ” ಎಂದು ಬಸ್ ನಿಲ್ದಾಣದ ತನಕ ಬಂದು, ಸೀಟು ಹಿಡಿದು ಕೊಟ್ಟು, ನೀರಿನ ಬಾಟಲಿ ಕೊಟ್ಟು ಇಳಿದರು. ಹುಮನಾಬಾದ್ ರಸ್ತೆಯಲ್ಲಿ ಕಪನೂರ ದಾಟಿತು. ರಜೆಯಾದ್ದರಿಂದ ಕಾರ್ಖಾನೆಗಳ ಶಟರುಗಳು ಇಳಿದಿದ್ದವು. ಆಮೇಲೆ ಎರಡೂ ಕಡೆ ತೊಗರಿ ಕೊಯ್ದ ಕರಿಹೊಲಗಳು. ಒಂದು ತಾಸಿನ ದಾರಿಯುದ್ದಕ್ಕೂ ಅಕ್ಕನ ಮಡಿಲಲ್ಲಿದ್ದ ಎರಡೂ ಕೈ ಸೆರಗಿನ ಅಡಿಯಲ್ಲಿ ಸಣ್ಣಗೆ ಆಡುತ್ತಿದ್ದವು. ತಡೆ, ಅಂಗೈ, ಮತ್ತೆ ತಡೆ. ನಾನು ಕಿಟಕಿಯ ಕಡೆ ಮುಖ ಮಾಡಿ ನೋಡದವಳಂತೆ ಕೂತೆ.

ಕಮಲಾಪುರದಲ್ಲಿ ಒಂದು ಕಲ್ಯಾಣ ಮಂಟಪವನ್ನು ಸ್ಪರ್ಧೆಗೆ ಹಿಡಿದಿದ್ದರು. ಹಿಂದಿನ ದಿನದ ಮದುವೆಯ ಹೂವಿನ ಹಾರಗಳು ಇನ್ನೂ ವೇದಿಕೆಗೆ ತೂಗುತ್ತಿದ್ದವು. ನಡುವೆ ಕೆಂಪು–ನೀಲಿ ಮ್ಯಾಟ್ ಹಾಸಿ, ಒಂದು ಬದಿಗೆ ಐವರು ತೀರ್ಪುಗಾರರ ಕುರ್ಚಿ. ಮುಖ್ಯ ತೀರ್ಪುಗಾರರು ರಾಯಚೂರಿನ ಮಹಬೂಬ್ ಸರ್. ಹಳೆಯ ಪರಿಚಯ, ನಕ್ಕರೂ ಶಿಸ್ತು ಬಿಡದ ಮನುಷ್ಯ.

ಬೆಳಗಿನ ಹೊತ್ತು ಚಿಕ್ಕ ಮಕ್ಕಳದ್ದು. ಸಣ್ಣ ತಪ್ಪಿಗೆ ಅಂಕದ ಒಂದು ದಶಾಂಶ ಕಳೆಯಬೇಕು, ದೊಡ್ಡದಕ್ಕೆ ಮೂರು. ಕೂಗು ಹಾಕಬೇಕಾದಲ್ಲಿ ಹಾಕದಿದ್ದರೆ ದೊಡ್ಡ ತಪ್ಪು. ಹಳದಿ ಬೆಲ್ಟಿನ ಒಬ್ಬ ಹುಡುಗಿ ಕೈಕಾಲು ಎಲ್ಲ ಸರಿ ಆಡಿಸಿ, ಕೂಗುವಲ್ಲಿ ಬಾಯಿ ತೆರೆದಳು, ಸದ್ದೇ ಹೊರಡಲಿಲ್ಲ. ಆಮೇಲೆ ಆಕೆಯ ತಾಯಿ ನನ್ನ ಹತ್ತಿರ ಬಂದು, “ಮೇಡಂ, ಮನ್ಯಾಗ ಓಣಿ ಹಾರಿಹೋಗ್ಹಂಗ ಒದರ್ತದರೀ ಇದು. ಇಲ್ಲಿ ಏನಾಯ್ತೋ!” ಎಂದು ಅಲವತ್ತುಕೊಂಡಳು. ಹುಡುಗಿ ತಾಯಿಯ ಹಿಂದೆ ನಿಂತು, ಈಗ ಬೇಕಾದರೆ ಕೂಗುತ್ತೇನೆ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ಕೋಟಿನೊಳಗೆ ಬೆವರು ಹರಿಯುತ್ತಿದ್ದರೂ ನಗು ಬಂತು.

ಊಟಕ್ಕೆ ಅನ್ನ, ತೊಗರಿಬೇಳೆ ಸಾರು, ಬದನೆಕಾಯಿ ಪಲ್ಯ, ಜೊತೆಗೆ ಊರಿನ ಹೆಸರಾದ ಕೆಂಪು ಬಾಳೆಹಣ್ಣು. ಒಂದು ತಿಂದರೆ ಹೊಟ್ಟೆ ತುಂಬುವಷ್ಟು ದಪ್ಪ, ಬಾಯಲ್ಲಿ ಕರಗುವಷ್ಟು ಮೆತ್ತಗೆ. ನಾನು ಎರಡು ತಿಂದೆ. ಅಕ್ಕ ಅರ್ಧ ತಿಂದು ಉಳಿದದ್ದನ್ನು ಸಿಪ್ಪೆಯಲ್ಲೇ ಮುಚ್ಚಿಟ್ಟಳು.

ಊಟದ ನಂತರ ಮಹಬೂಬ್ ಸರ್ ಕರೆದರು. “ಮೇಡಂ, ಜರಾ ಬಾಜೂಕ ಬರ್ರಿ. ಸುವರ್ಣಾ ಮೇಡಂ ನಿಮ್ಮ ಖಾಸ್ ಅಕ್ಕ ಅಂತ?”

“ಹೌದ್ರೀ ಸರ್.”

“ಹಂಗಾದ್ರ ಆ ವಿಭಾಗಕ್ಕ ನೀವು ಅಂಕ ಹಾಕಂಗಿಲ್ಲ. ನಿಮ್ಮ ಕುರ್ಚಿಗಿ ಬ್ಯಾರೆಯವರ್ನ ಕೂಡಸ್ತೀನಿ. ನೀವು ಆದೇಶ ಕೊಡ್ರಿ. ಅದಕ್ಕೇನು ಹರಕತ್ ಇಲ್ಲ.”

ನನಗೆ ಉಸಿರು ಹಗುರಾಯಿತು. ಅಕ್ಕನ ತಪ್ಪುಗಳನ್ನು ಎಣಿಸುವುದು ತಪ್ಪಿತಲ್ಲ! ಆದೇಶ ಕೊಡುವುದು ಏನು ಮಹಾ. ಎಲ್ಲ ಕೊರಿಯಾದ ಮಾತುಗಳು, ನಮ್ಮ ಮಕ್ಕಳಿಗೆ ನಿದ್ದೆಯಲ್ಲೂ ಬಾಯಿಪಾಠ. ಸಿದ್ಧರಾಗಲು ‘ಜುನ್ಬಿ’, ಶುರುಮಾಡಲು ‘ಸಿಜಾಕ್’, ಮುಗಿದ ಮೇಲೆ ಮೊದಲಿನ ನಿಲುವಿಗೆ ಬರಲು ‘ಬಾರೊ’. ಆ ಕೊನೆಯ ಮಾತು ಕೇಳುವ ತನಕ ಸ್ಪರ್ಧಿ ಕೊನೆಯ ಭಂಗಿಯಿಂದ ಮಿಸುಕುವಂತಿಲ್ಲ. ನಾನೇ ಎಷ್ಟು ಸಾವಿರ ಸಲ ಹೇಳಿದ್ದೇನೋ.

ಆ ವಿಭಾಗದಲ್ಲಿ ಮೂವರಿದ್ದರು. ಬೀದರಿನವರು ಮೊದಲು, ಸೇಡಂನವರು ಆಮೇಲೆ. ಇಬ್ಬರೂ ಚೆನ್ನಾಗಿ ಮಾಡಿದರು. ಮೂರನೆಯವಳು ಅಕ್ಕ. ಮ್ಯಾಟ್ ಹತ್ತುವ ಮೊದಲು ಬಗ್ಗಿ, ಅದನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡಳು. ನಡುವೆ ಬಂದು ನನ್ನ ಎದುರಿಗೆ ನಿಂತಳು. ತಂಗಿಯನ್ನು ನೋಡುವ ಕಣ್ಣು ಅದಾಗಿರಲಿಲ್ಲ. ತೀರ್ಪುಗಾರರನ್ನು ನೋಡುವ ಕಣ್ಣು.

“ಜುನ್ಬಿ” ಎಂದೆ. “ಸಿಜಾಕ್!”

ಅಕ್ಕ ಶುರುಮಾಡಿದಳು. ಅಂಗೈಯ ಏಟುಗಳು ಗಟ್ಟಿಯಾಗಿ ಬಿದ್ದವು. ಹಿಂದೆ ಸರಿಯುತ್ತ ಮಾಡುವ ತಡೆಗಳು ಒಂದು ಗೀಟಿನಲ್ಲಿ ಬಂದವು. ಒಂಟಿಕಾಲಲ್ಲಿ ನಿಂತಳು, ತಿರುಗಿದಳು, ಕೂಗು ಹಾಕಿದಳು. ಎಡಬದಿ ಸರಿಯಾಗಿ ಮುಗಿಯಿತು. ಮತ್ತೆ ಒಂಟಿಕಾಲಲ್ಲಿ ನಿಂತಳು. ಅಲ್ಲೇ ನಿಂತುಬಿಟ್ಟಳು.

ಒಂದು ಕೈ ತಲೆಯ ಮೇಲೆ, ಒಂದು ಕೈ ಕೆಳಗೆ, ಮೊಣಕಾಲಿಗೆ ಹಚ್ಚಿದ ಪಾದ. ಕಣ್ಣು ಎಲ್ಲೋ ದೂರ. ನಿನ್ನೆ ಮಾಳಿಗೆಯ ಮೇಲೆ ತಡವರಿಸಿದ ಜಾಗವೇ. ಮೂರು ಸೆಕೆಂಡು ಮೀರಿದರೆ ದೊಡ್ಡ ತಪ್ಪು. ಅದು ಎಂದೋ ಮೀರಿತ್ತು. ಯಾರಾದರೂ ಸೂಚನೆ ಕೊಟ್ಟರೆ ಅದಕ್ಕೂ ದಂಡ. ನನ್ನ ಬಲಗೈ ತಾನಾಗಿ ಏಳತೊಡಗಿತು. ಅದನ್ನು ಎಡಗೈಯಿಂದ ಹಿಡಿದು ಬೆನ್ನ ಹಿಂದೆ ಒತ್ತಿಕೊಂಡೆ. ಕಾಲು ಕೆಳಗಿಡಬೇಡ ಅಕ್ಕಾ, ಇಟ್ಟರೆ ಮುಗಿಯಿತು ಎಂದು ಒಳಗೇ ಗೋಗರೆದೆ.

ನಿಂತ ಕಾಲು ನಡುಗಿತು. ಆದರೂ ಎತ್ತಿದ ಪಾದ ಕೆಳಗಿಳಿಯಲಿಲ್ಲ. ಇದ್ದಕ್ಕಿದ್ದಂತೆ ಅಕ್ಕ ಗಟ್ಟಿಯಾಗಿ ಕೂಗಿದಳು. ಅಲ್ಲಿ ಕೂಗು ಇಲ್ಲವೇ ಇಲ್ಲ! ಇಲ್ಲದಲ್ಲಿ ಕೂಗಿದ್ದಕ್ಕೂ ಅಂಕ ಹೋಗುತ್ತದೆ. ಹೋಗಲಿ. ಆ ಕೂಗಿನ ಹಿಂದೆಯೇ ಮೈ ತಿರುಗಿತು, ಸರಿಯಾದ ಬದಿಗೇ ತಿರುಗಿತು. ಆಮೇಲಿನವೆಲ್ಲ ಒಂದರ ಹಿಂದೊಂದು ತಾವಾಗಿ ಬಂದವು. ಕೊನೆಗೆ ಮೊಣಕಾಲು ಬಗ್ಗಿಸಿ, ಕುದುರೆ ಏರಿದ ಹಾಗೆ ಕಾಲಗಲಿಸಿ, ಮುಷ್ಟಿಗಳನ್ನು ಪಕ್ಕಕ್ಕೆ ತಂದು ನಿಂತಳು. ಪೂಮ್ಸೆ ಮುಗಿದಿತ್ತು.

ನಾನು ಅಕ್ಕನನ್ನು ನೋಡುತ್ತ ನಿಂತೆ. ಅಕ್ಕ ನನ್ನನ್ನು ನೋಡುತ್ತ ನಿಂತಳು. ಆಕೆಯ ತೊಡೆಗಳು ನಡುಗುತ್ತಿದ್ದವು, ಹಣೆಯ ಬೆವರು ಗಲ್ಲಕ್ಕಿಳಿದಿತ್ತು. ಯಾಕೆ ಏಳುತ್ತಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಆಕೆ ಕಾಯುತ್ತಿರುವುದು ನನ್ನ ಮಾತಿಗೆ. ಬಾಯಿ ತೆರೆದೆ. ಏನು ಹೇಳಬೇಕು? ತಲೆ ಖಾಲಿ. ಜುನ್ಬಿ ಅಲ್ಲ, ಸಿಜಾಕ್ ಅಲ್ಲ. ಇನ್ನೊಂದು ಇದೆಯಲ್ಲ, ಅದು ಏನು?

ಅಕ್ಕ ತುಟಿ ಅಲುಗಿಸದೆ, ಹಲ್ಲಿನ ನಡುವಿನಿಂದ ಹೇಳಿದಳು: “ಬಾರೊ ಅನ್ನು, ಕಾಲು ಹೋಗ್ಲಾಕತ್ತಾವ.”

“ಬಾರೊ!” ಎಂದು ಕಿರುಚಿದೆ.

ತೀರ್ಪುಗಾರರೊಬ್ಬರು ತಲೆ ಕೆಳಗೆ ಹಾಕಿದರು. ಅವರ ಭುಜ ಕುಣಿಯುತ್ತಿತ್ತು. ಮಹಬೂಬ್ ಸರ್ ಕರವಸ್ತ್ರ ತೆಗೆದು ಮುಖ ಒರೆಸಿದರು, ನಗು ಮುಚ್ಚಲಿಕ್ಕೋ ಬೆವರಿಗೋ ಕೇಳಲಿಲ್ಲ. ಅಕ್ಕ ಎದ್ದು ನಿಂತು, ಶಿಸ್ತಾಗಿ ಬಗ್ಗಿ ವಂದಿಸಿ, ಮ್ಯಾಟ್ ಇಳಿದಳು. ಅಂಕ ಬಂದಾಗ ಮೂವರಲ್ಲಿ ಮೂರನೆಯ ಸ್ಥಾನ. ಕಂಚಿನ ಪದಕ. ನಾನು ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಕೋಟಿನ ತೋಳು ತೊಯ್ಯುವಂತೆ ಅತ್ತೆ. ಎಂಟು ತಿಂಗಳ ಭಾರ ಇಳಿದ ಅಳು ಅದು. ಹೊರಗೆ ಬಂದಾಗ ಮೈಯೆಲ್ಲ ಹಗುರಾಗಿತ್ತು.

ಅಕ್ಕ ಆಗಲೇ ಮುಚ್ಚಿಟ್ಟಿದ್ದ ಅರ್ಧ ಬಾಳೆಹಣ್ಣನ್ನು ತಿಂದು, ಇನ್ನೊಂದಕ್ಕೆ ಕೈ ಹಾಕಿದ್ದಳು. ಇನ್ನೊಂದು ಕೈಯಲ್ಲಿ ಫೋನು. ಆ ಕಡೆ ಮಾಮಾ ಏನು ಕೇಳಿದರೋ. “ಮರ್ತದ್ದು ಹೌದ್ರೀ, ಪೂರಾ ಮರ್ತು ನಿಂತದ್ದೂ ಹೌದು” ಎಂದಳು. ಸ್ವಲ್ಪ ಹೊತ್ತು ಅವರನ್ನು ಒದ್ದಾಡಲು ಬಿಟ್ಟು, “ನಾ ಅಲ್ಲ. ನಿಮ್ಮ ನೀಲವ್ವ” ಎಂದಳು. ಮಾಮಾ ನಕ್ಕ ಸದ್ದು ನನಗೂ ಕೇಳಿಸಿತು. ಸಂಜೆ ಮನೆ ಮುಟ್ಟಿದಾಗ ಅವರು ಎರಡು ಡಬ್ಬಿ ಸಿಹಿ ಮಾಲ್‌ಪುರಿ ತಂದಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಚೀಲ ಎತ್ತಿಕೊಂಡಾಗ ಅಕ್ಕ ಚಪ್ಪಲಿ ಮೆಟ್ಟಿದಳು. “ಇಕೀನ ಬಸ್ಸಿಗಿ ಹತ್ತಿಸಿ ಬರ್ತೀನಿ” ಎಂದಳು. ಮಾಮಾ ಅಂಗಿ ಹುಡುಕಲು ಎದ್ದರು. “ನೀವು ಕೂಡ್ರಿ” ಎಂದಳು. ಅವರು ನನ್ನ ಮುಖ ನೋಡಿದರು. ನಾನು ಚಪ್ಪಲಿ ಮೆಟ್ಟತೊಡಗಿದೆ. ಅವರು ಮೆಲ್ಲಗೆ ಕೂತರು.

ಬಸ್ಸು ಹೊರಡುವ ತನಕ ಅಕ್ಕ ನಿಲ್ಲಲಿಲ್ಲ. ಸೀಟು ಸಿಕ್ಕಿತಾ ಎಂದು ಕಿಟಕಿಯಿಂದ ನೋಡಿ, ಬೆನ್ನು ತಿರುಗಿಸಿ ನಡೆದಳು. ಗೇಟಿನ ಹೊರಗೆ ಆಟೊಗಳ ನಡುವೆ ಆಕೆಯ ಹಸಿರು ಸೀರೆ ಒಂದು ಸಲ ಕಂಡಿತು, ಆಮೇಲೆ ಇಲ್ಲ. ದಾರಿಯುದ್ದಕ್ಕೂ ಫೋನನ್ನು ಕೈಯಲ್ಲೇ ಹಿಡಿದು ಕೂತೆ. ಅದು ರಿಂಗಾದದ್ದು ಭೀಮಾ ಸೇತುವೆಯ ಮೇಲೆ.

“ಬಂದಾಳವ್ವ” ಎಂದರು ಮಾಮಾ. “ಬರ್ತಾ ಮೆಂತ್ಯಾ ಪಲ್ಯನೂ ತಂದಾಳ. ತಾ ಅಂತ ನಾ ಹೇಳಿದ್ದಿಲ್ಲ.”