ನೇತ್ರಾಣಿಯ ಹವಳಕ್ಕೆ ಅಕ್ಷತೆ

ಮಾರ್ಗಶಿರದ ಒಂದು ಮುಂಜಾನೆ ಸಂಧ್ಯಾವಂದನೆ ಮುಗಿಸಿ, ಸಾಗರದಿಂದ ಹೊನ್ನಾವರದ ಬಸ್ಸು ಹಿಡಿದೆವು. ಜೊತೆಗಿದ್ದವರು ಮೇಳಿಗೆಯ ಭಾವ. ನನ್ನ ತಂಗಿಯ ಯಜಮಾನರು, ನಾಟಿ ವೈದ್ಯರು. ರೋಗಿಗಳನ್ನು ಬಿಟ್ಟು ಕದಲದ ಅವರು ಮುರುಡೇಶ್ವರನ ದರ್ಶನಕ್ಕೆಂದು ತಾವಾಗಿಯೇ ನನ್ನನ್ನು ಹೊರಡಿಸಿದ್ದು ಸಹಜವಾಗಿ ಕಾಣಲಿಲ್ಲ. ತಾಳಗುಪ್ಪ ದಾಟಿ ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಕಾರಣ ಕೇಳಿದೆ. ಅವರು ಮಂಜಿನ ಮಾತು ತೆಗೆದರು.

ದರ್ಶನ ಸಾಂಗವಾಗಿ ನೆರವೇರಿತು. ಮರುದಿನ ಬೆಳಿಗ್ಗೆ ಭಾವ ನೇತ್ರಾಣಿ ದ್ವೀಪಕ್ಕೆ ಹೋಗೋಣವೆಂದರು. ದೋಣಿಯ ದರ ಕೇಳಿ ನಾನು ಹಿಂಜರಿದಾಗ ನನ್ನದನ್ನೂ ಅವರೇ ಕೊಟ್ಟರು. ಸಂಶಯ ಇನ್ನಷ್ಟು ಬಲಿಯಿತು.

ಅಲ್ಲಿನ ಹವಳ ಜೀವವುಳ್ಳದ್ದು, ಸಂರಕ್ಷಿತವಾದದ್ದು, ಮುರಿಯುವುದು ಅಪರಾಧವೆಂದು ದೋಣಿಯವನು ಹೊರಡುವ ಮೊದಲೇ ಎಲ್ಲರಿಗೂ ತಿಳಿಸಿದ. ಆದರೂ ದಾರಿಯುದ್ದಕ್ಕೂ ಭಾವ ಮುಳುಗುಗಾರನೊಬ್ಬನ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ.

ದ್ವೀಪದ ಬಂಡೆಗಳ ಬಳಿ ದೋಣಿ ನಿಂತಿತು. ತಿಳಿನೀರಿನ ಕೆಳಗೆ ಜಿಂಕೆಯ ಕೊಂಬಿನಂಥ ಹವಳ. ಅದರ ಸಂದಿಗಳಲ್ಲಿ ಹಳದಿ ಪಟ್ಟೆಯ ಮೀನುಗಳ ಓಡಾಟ. ಕ್ಷೀರಸಾಗರಶಯನನ ಬಾಗಿಲಿಗೆ ಬಂದಂತಾಗಿ ಕಣ್ಣುಮುಚ್ಚಿ ಕೈಮುಗಿದೆ. ಕಣ್ಣು ತೆರೆದಾಗ ಭಾವ ನೀರಿಗೆ ಅಕ್ಷತೆ ಹಾಕುತ್ತಿದ್ದರು.

ನನಗೆ ಎಲ್ಲವೂ ಅರ್ಥವಾಯಿತು. ಔಷಧದ ಬೇರು ಕೀಳುವ ಹಿಂದಿನ ದಿನ ಗಿಡದ ಬುಡಕ್ಕೆ ಅಕ್ಷತೆ ಹಾಕಿ ಅಪ್ಪಣೆ ಬೇಡುವುದು ಅವರ ಮನೆತನದ ಪದ್ಧತಿ. ಮರುದಿನ ಅದು ಹಾಗೆಯೇ ಇದ್ದರೆ ಒಪ್ಪಿಗೆ. ಇರುವೆ, ಹಕ್ಕಿ ಮುಟ್ಟಿದ್ದರೆ ಆ ಬೇರನ್ನು ಕೀಳುವಂತಿಲ್ಲ.

“ಹವಳದ ಭಸ್ಮ ಯಾರಿಗೆ?” ಎಂದೆ.

“ಮೊಮ್ಮಗಳಿಗೆ. ಮಳೆಗಾಲದಿಂದ ಕೆಮ್ಮು ಬಿಡ್ತೇ ಇಲ್ಲೆ. ಅಂಗಡಿ ಹವಳದಲ್ಲಿ ಎಂತ ಬೆರೆಸಿರ್ತ್ವೋ. ನಾಳೆ ಇಂವ ಒಂದು ತುಂಡು ತಂದು ಕೊಡ್ತ,” ಎಂದು ಮುಳುಗುಗಾರನತ್ತ ನೋಡಿದರು.

ಅಷ್ಟರಲ್ಲಿ ಮೀನುಗಳು ಮೇಲೆದ್ದು ಅಕ್ಕಿಯನ್ನೆಲ್ಲ ನುಂಗಿದವು. ಭಾವ ಮತ್ತೊಂದು ಚಿಟಿಕೆ ಹಾಕಿದರು, ಅದೂ ಉಳಿಯಲಿಲ್ಲ. ಮೀನು ಇರುವೆಯಲ್ಲವಲ್ಲ ಎಂದು ಗೊಣಗಿದರು. ಮೀನುಗಳು ಬಾಯಿ ತೆರೆದು ಅಲ್ಲಿಯೇ ಸುತ್ತುತ್ತಿದ್ದವು. ಬಹಳ ಹೊತ್ತು ಅವನ್ನೇ ನೋಡಿ ಭಾವ ಹೇಳಿದರು: “ಇಲ್ಲಿ ಅಕ್ಷತೆ ಉಳಿಯೋ ದಿನವೇ ಇಲ್ಲೆ, ಭಾವಾ.”

ನಾಳೆ ಏನೂ ತರುವುದು ಬೇಡವೆಂದು ಮುಳುಗುಗಾರನಿಗೆ ತಿಳಿಸಿದರು. ಅವನು ನಕ್ಕ. “ಮೀನಿಗೆ ಅಕ್ಕಿ ಹಾಕುಕೆ ಘಟ್ಟ ಇಳ್ದು ಬಂದ್ರಾ ಭಟ್ರೇ?”

ಹಿಂದಿರುಗುವಾಗ ಹೊನ್ನಾವರದ ಬಸ್ ನಿಲ್ದಾಣದಿಂದ ಭಾವ ಅಳಿಯನಿಗೆ ಫೋನ್ ಮಾಡಿ, ಮಗುವನ್ನು ನಾಳೆಯೇ ಶಿವಮೊಗ್ಗದ ಡಾಕ್ಟರಿಗೆ ತೋರಿಸೋಣವೆಂದರು. ಅಳಿಯ ಇಷ್ಟು ದಿನ ಬೇಡಿಕೊಂಡದ್ದೂ ಅದನ್ನೇ. ತಮ್ಮ ಮದ್ದೇ ಸಾಕೆಂದು ತಡೆದವರು ಇವರು.

ಸಾಗರದಲ್ಲಿ ಅವರು ಹೊಸನಗರದ ಮೇಲೆ ಹೋಗುವ ತೀರ್ಥಹಳ್ಳಿಯ ಬಸ್ಸು ಹತ್ತಿದರು. ಚೀಲವನ್ನು ಕಿಟಕಿಯಿಂದ ನಾನೇ ಎತ್ತಿಕೊಟ್ಟೆ. ಭಾರ ನೋಡುವ ಉದ್ದೇಶವೂ ಇತ್ತು. ಹಗುರವಾಗಿತ್ತು.