ಎತ್ತರದ ಗಾಡಿ

ಎರಡು ಅಡ್ವೆಂಚರ್ ಬೈಕುಗಳ ಪೈಕಿ ಯಾವುದನ್ನು ಕೊಳ್ಳಲಿ ಎಂದು ತೂಗಿ ತೂಗಿ ಸಾಕಾಗಿ, ಓಡಿಸಿಯೇ ನೋಡೋಣವೆಂದು ಗೋವಾದಲ್ಲಿ ಮೊದಲನೆಯದನ್ನು ಬಾಡಿಗೆಗೆ ಹಿಡಿದಿದ್ದೆ. ರಾಯಬಂದರದಲ್ಲಿ ಫೆರಿಗೆ ಕಾಯುವಾಗ, ಪಕ್ಕದ ಸ್ಕೂಟರಿನ ಮೇಲಿದ್ದ ಅಕ್ಕ ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಮಾತಾಡಿಸಿದರು.

"ನಮ್ದು ಬಾಗಲಕೋಟಿ ಕಡೆ ರೀ ಅಣ್ಣಾರ, ಈಗ ಇಲ್ಲೇ ಚಿಂಬಲ್‌ದಾಗ ಇರ್ತೇವಿ. ಗಾಡಿ ಭಾಳ ದೊಡ್ಡದೈತಲ್ರಿ!"

ಅಷ್ಟೇ ಸಾಕಾಯಿತು. ಇದರ ಇಂಜಿನ್ ಹೀಗೆ, ಇನ್ನೊಂದರದು ಹಾಗೆ, ಅದು ಇದಕ್ಕಿಂತಲೂ ಎತ್ತರ, ಎಂಥ ಕಲ್ಲೂ ಅಡಿಗೆ ತಾಗುವುದಿಲ್ಲ ಎಂದು ಕೊರೆದೇ ಕೊರೆದೆ. ಪಾಪ, ಅಕ್ಕ ಹೂಂಗುಟ್ಟಿದರು.

ಫೆರಿಯಲ್ಲಿ ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಸ್ಟ್ಯಾಂಡ್ ಹಾಕಲು ಜಾಗವಿರುವುದಿಲ್ಲ. ಎಲ್ಲರೂ ಸೀಟಿನಲ್ಲೇ ಕೂತು ನೆಲಕ್ಕೆ ಕಾಲೂರುತ್ತಾರೆ. ನನಗೆ ನೆಲ ಬೆರಳ ತುದಿಗಷ್ಟೇ ಸಿಕ್ಕಿತು. ಫೆರಿ ದಡ ಬಿಡುವಾಗ ಒಮ್ಮೆ ಜಗ್ಗಿದ್ದೇ ತಡ, ಗಾಡಿ ಸಮೇತ, ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಿದ್ದ ಅಕ್ಕನ ಕಡೆ ವಾಲಿದೆ. ಅವರು ಎರಡೂ ಕೈಯಲ್ಲಿ ನನ್ನನ್ನು ತಡೆದು ಹಿಡಿದರು.

"ಅಲಗಾಡಬ್ಯಾಡ್ರಿ. ಆಚಿ ದಂಡಿ ಬರೂತನಕ ಹಿಡಕೊಂಡಿರ್ತೇನಿ."

ಹಾಗೆಯೇ ಹೊಳೆ ದಾಟಿದೆ. ಎಲ್ಲರೂ ನೋಡುತ್ತಿದ್ದರು. ಹೆಲ್ಮೆಟ್ಟಿನ ಗಾಜು ಇಳಿಸಿ ಮುಖ ಮುಚ್ಚಿಕೊಳ್ಳೋಣವೆಂದರೆ ಹ್ಯಾಂಡಲ್ ಬಿಡುವ ಧೈರ್ಯವಿರಲಿಲ್ಲ.

ದಡಕ್ಕೆ ಬಂದ ಮೇಲೆ ಅಕ್ಕ ಕೇಳಿದರು: "ಆ ಇನ್ನೊಂದು ಎತ್ತರದ ಗಾಡಿ ಯಾವತ್ತು ತರ್ತೀರಿ? ಹೇಳ್ರಿ, ಅವತ್ತು ನಮ್ಮ ಮನಿಯವ್ರನ್ನೂ ಕರ್ಕೊಂಡು ಬರ್ತೇನಿ."

ತಮಾಷೆಗೆ ಹೇಳಿದ್ದರೆ ಎಷ್ಟೋ ವಾಸಿಯಿತ್ತು.